ರಾಗಿ ಡಿಎನ್‌ಎ ಡೈರಿ, ಕಂತು 6: ಮೂರನೇ ಗೆರೆ ಎಲ್ಲಿಂದ ಬಂತು?

ನಿನ್ನೆ ರಾತ್ರಿ ಹನ್ನೊಂದೂವರೆಗೆ ಮೂರನೇ ಗೆರೆ ಮಾಯವಾಯಿತು. ಐದು ವಾರ ನಿದ್ದೆ ಕೆಡಿಸಿದ ಗೆರೆ ಅದು. ಗೆಲ್ ಅಂದರೆ ಡಿಎನ್‌ಎ ತುಣುಕುಗಳನ್ನು ಉದ್ದದ ಪ್ರಕಾರ ಬಿಡಿಸುವ ಜೆಲ್ಲಿ ಹಾಳೆ, ಒಂದೊಂದು ಉದ್ದಕ್ಕೆ ಒಂದೊಂದು ಗೆರೆ. ಅದನ್ನು ನೀಲಿ ಲೈಟಿನ ಮೇಲಿಟ್ಟು, ಕಿತ್ತಳೆ ಫಿಲ್ಟರ್ ಅಡ್ಡ ಹಿಡಿದು ನೋಡಿದೆ. ನಮ್ಮ ಮಾವನ ಉಂಡೆ ರಾಗಿಯ ಎಂಟೂ ಲೇನ್‌ಗಳಲ್ಲಿ (ಒಂದು ಸಸಿಗೆ ಒಂದು ಲೇನ್) ಎರಡೇ ಗೆರೆ. ಮತ್ತೆ ಎಣಿಸಿದೆ. ಎರಡೇ! ನಾನು ಕೂಗಿದ ಸದ್ದಿಗೆ ಮಗ ಕಣ್ಣುಜ್ಜುತ್ತಾ ಬಂದ. "ಅಮ್ಮಾ, ದೆವ್ವ ಹೋಯ್ತಾ?" ಮೂರನೇ ಗೆರೆಗೆ ಅವನೇ ಇಟ್ಟ ಹೆಸರು ಅದು.

ಡಿಎನ್‌ಎ ತೆಗೆದಿದ್ದು, ಸೆಕೆಂಡ್ ಹ್ಯಾಂಡ್ ಪಿಸಿಆರ್ ಮೆಷಿನ್ (ಡಿಎನ್‌ಎಯ ಒಂದು ತುಣುಕಿಗೆ ಕೋಟಿಗಟ್ಟಲೆ ಪ್ರತಿ ಮಾಡುವ ಯಂತ್ರ) ರಿಪೇರಿ ಮಾಡಿಸಿದ್ದು, ಎಲ್ಲ ಹಳೇ ಕಂತುಗಳಲ್ಲಿ ಬಂದಾಗಿದೆ. ಈ ಸಲ ಈ ಗೆರೆಯದ್ದೇ ಕಥೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನನಗೆ ಈ ಹುಚ್ಚು ಹತ್ತಿಸಿದ್ದು ಇಸ್ರೇಲಿನ ಕಾರ್ಮೆಲ್ ಬೆಟ್ಟದ ಒಂದು ಕಣಿವೆ. ಅಲ್ಲಿ ಬೆಳೆಯುವ ಕಾಡು ಬಾರ್ಲಿಯ ಡಿಎನ್‌ಎಯಲ್ಲಿ ಬೇರ್-1 ಅನ್ನೋ ಜಿಗಿಯುವ ತುಣುಕು (ತನ್ನ ಪ್ರತಿಯನ್ನು ಡಿಎನ್‌ಎಯ ಬೇರೆ ಜಾಗಗಳಲ್ಲಿ ತೂರಿಸುವಂಥದ್ದು) ಸಾವಿರಾರು ಸಲ ಬರುತ್ತದೆ. ಕಣಿವೆಯ ಒಣಗಿದ ಎತ್ತರದ ಜಾಗದ ಗಿಡಗಳಲ್ಲಿ ಅದರ ಪ್ರತಿಗಳು ಜಾಸ್ತಿ ಅಂತ 2000ರಲ್ಲಿ ಒಂದು ಅಧ್ಯಯನ ತೋರಿಸಿತು. ಒಂದು ಕೂಗಳತೆಯ ದೂರ, ಅಷ್ಟೇ. ಒಂದೇ ಜಾತಿಯ ಗಿಡ, ಒಂದೇ ಕಣಿವೆ. ಬಿಸಿಲು, ನೀರು ಬೇರೆಯಾದ ಕೂಡಲೇ ರಿಪೀಟ್‌ಗಳ, ಅಂದರೆ ಮತ್ತೆ ಮತ್ತೆ ಬರುವ ತುಣುಕುಗಳ, ಲೆಕ್ಕವೂ ಬೇರೆ. ಅದನ್ನು ಓದಿದ ದಿನ ನನಗೆ ಮೊದಲು ನೆನಪಾಗಿದ್ದು ಕುಣಿಗಲ್ ಹತ್ತಿರದ ನಮ್ಮ ಮಾವನ ಬೆದ್ದಲು. ಕೆಂಪು ಮಣ್ಣು, ಮಳೆ ಬಂದರೆ ಬಂತು. ಅವರು ಬೀಜ ಕೊಂಡು ತರುವುದಿಲ್ಲ. ಪ್ರತಿ ವರ್ಷ ತೆನೆ ಆರಿಸಿ, ಅಟ್ಟದ ಕೆಳಗೆ ನೇತು ಹಾಕಿ, ಅದನ್ನೇ ಮರುವರ್ಷ ಬಿತ್ತುತ್ತಾರೆ. ಆ ಉಂಡೆ ರಾಗಿಯ ರಿಪೀಟ್‌ಗಳಿಗೂ ಸುಧಾರಿತ ತಳಿ ಜಿಪಿಯು-28ರ ರಿಪೀಟ್‌ಗಳಿಗೂ ಏನು ವ್ಯತ್ಯಾಸ ಅಂತ ನೋಡುವುದು ನನ್ನ ಕೆಲಸ.

ಬೇರ್-1ರಂಥ ದೊಡ್ಡ ತುಣುಕಿನ ಬದಲು ಸಣ್ಣ ರಿಪೀಟ್‌ನಿಂದ ಶುರು ಮಾಡಿದೆ. ಡಿಎನ್‌ಎ ಬರೆದಿರುವುದು ಎ, ಟಿ, ಜಿ, ಸಿ ಅನ್ನೋ ನಾಲ್ಕೇ ಅಕ್ಷರಗಳಲ್ಲಿ. ಅದರಲ್ಲಿ ಜಿಎ-ಜಿಎ-ಜಿಎ ಅಂತ ಎರಡೇ ಅಕ್ಷರ ಸಾಲಾಗಿ ಬರುವ ಜಾಗ. ಪ್ರೈಮರ್ (ಯಾವ ಜಾಗದ ಪ್ರತಿ ಬೇಕು ಅಂತ ಪಿಸಿಆರ್‌ಗೆ ತೋರಿಸುವ ಪುಟ್ಟ ಡಿಎನ್‌ಎ ತುಣುಕು) ಹುಡುಕುವ ಕಷ್ಟ ಇರಲಿಲ್ಲ, ರಾಗಿಯ ಜೆನೆಟಿಕ್ ನಕ್ಷೆ ಮಾಡಿದವರು 2007ರಲ್ಲೇ ಯುಜಿಇಪಿ ಅನ್ನೋ ಸರಣಿ ಕೊಟ್ಟಿದ್ದಾರೆ. ಅದರಲ್ಲೊಂದು ಜೋಡಿ ತರಿಸಿದೆ.

ತರಿಸಿದೆ ಅಂತ ಒಂದೇ ಪದದಲ್ಲಿ ಬರೆದುಬಿಟ್ಟೆ, ತರಿಸಲು ಹಿಡಿದದ್ದು ಇಪ್ಪತ್ತಾರು ದಿನ. ಆರ್ಡರ್ ಫಾರಂನಲ್ಲಿ ಸಂಸ್ಥೆಯ ಹೆಸರು ಕೇಳುತ್ತಾರೆ. ಮನೆ ಅಂತ ಬರೆದರೆ ಫೋನ್ ಬರುತ್ತದೆ. "ಲೆಟರ್‌ಹೆಡ್ ಇಲ್ದೆ ಆಗಲ್ಲ ಮೇಡಂ." ನಲವತ್ತು ಅಕ್ಷರದ ಡಿಎನ್‌ಎ ತುಣುಕಿಗೆ ಲೆಟರ್‌ಹೆಡ್! ಕೊನೆಗೆ ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ತನ್ನ ಹೆಸರಿನಲ್ಲಿ ತರಿಸಿಕೊಟ್ಟಳು. ಪ್ರತಿ ಮಾಡುವ ಎನ್‌ಜೈಮ್ ಟ್ಯಾಕ್‌ನ ಕಥೆ ಇನ್ನೂ ಕೆಟ್ಟದ್ದು. ಶನಿವಾರ ಬಂದ ಥರ್ಮೋಕೋಲ್ ಡಬ್ಬ ಸೋಮವಾರದವರೆಗೂ ಅಪಾರ್ಟ್‌ಮೆಂಟ್ ಗೇಟಿನ ಮೇಜಿನ ಮೇಲೇ ಕೂತಿತ್ತು. ತೆರೆದರೆ ಒಳಗಿನ ಐಸ್ ಪ್ಯಾಕ್ ಬಿಸಿನೀರಿನ ಚೀಲದ ಹಾಗಿತ್ತು. ಟ್ಯಾಕ್ ಗಟ್ಟಿ ಜೀವ, ಬದುಕಿತ್ತು. ಆದರೆ ಮುಂದೆ ಏನೇ ತಪ್ಪಾದರೂ ಮೊದಲು ಅದರ ಮೇಲೇ ಅನುಮಾನ ಬರುತ್ತಿತ್ತು. ಒಂದು ಇಡೀ ವಾರ ಅದರಲ್ಲೇ ಹೋಯಿತು. ಮಾರುವವರು ಇದನ್ನು ಯೋಚಿಸಬೇಕು. ಶುಕ್ರವಾರ ಕಳಿಸಬೇಡಿ ಅಂತ ನಾನು ಫಾರಂನಲ್ಲೇ ಬರೆದಿದ್ದೆ.

ಈಗ ಗೆರೆಗೆ ಬರೋಣ. ಎರಡು ಅಕ್ಷರದ ವ್ಯತ್ಯಾಸ ಮಾಮೂಲಿ ಗೆಲ್ ಆದ ಅಗರೋಸ್‌ನಲ್ಲಿ ಕಾಣುವುದಿಲ್ಲ. ಹಾಗಾಗಿ ಇನ್ನೂ ಸಣ್ಣ ಸಂದಿಗಳ ಗೆಲ್ ಆದ ಪಾಲಿಅಕ್ರಿಲಮೈಡ್‌ಗೆ ಹೋದೆ. 10%, ಇಪ್ಪತ್ತು ಸೆಂಟಿಮೀಟರ್ ಉದ್ದ. ಗಾಜು ಕತ್ತರಿಸಿ ಅಂಚು ಉಜ್ಜಿಕೊಟ್ಟಿದ್ದು ನಮ್ಮ ರಸ್ತೆಯ ಗಾಜಿನ ಅಂಗಡಿಯವರು, ಫೋಟೋ ಫ್ರೇಮಿನ ಬೆಲೆಗೆ. ಅಕ್ರಿಲಮೈಡ್ ಪುಡಿಯನ್ನು ಮನೆಯೊಳಗೆ ತರಲೇಬೇಡಿ, ಅದು ನರಗಳಿಗೆ ವಿಷ. ನಾನು ರೆಡಿ ದ್ರಾವಣವನ್ನೇ ಬಳಸುತ್ತೇನೆ. ಅದನ್ನೂ ಗ್ಲೌಸ್ ಹಾಕಿಯೇ ಮುಟ್ಟುವುದು, ಅಡುಗೆಮನೆಯಿಂದ ದೂರ.

ಮೊದಲ ಗೆಲ್‌ನಲ್ಲಿ ಜಿಪಿಯು-28ಕ್ಕೆ ಒಂದು ಗೆರೆ. ಉಂಡೆ ರಾಗಿಗೆ ಮೂರು. ಕೆಳಗೆ ಹತ್ತಿರ ಹತ್ತಿರ ಎರಡು, ಮೇಲೆ ದೂರದಲ್ಲಿ ಇನ್ನೊಂದು.

ಎರಡು ಗೆರೆ ಅರ್ಥವಾಗುತ್ತದೆ. ರಾಗಿಯಲ್ಲಿ ಎ ಮತ್ತು ಬಿ ಅಂತ ಎರಡು ಜೀನೋಮ್‌ಗಳು (ಪೂರ್ತಿ ಡಿಎನ್‌ಎ ಸೆಟ್‌ಗಳು) ಒಟ್ಟಿಗಿವೆ, ಕ್ರೋಮೋಸೋಮ್ ಒಟ್ಟು 36. ಒಂದೇ ಪ್ರೈಮರ್ ಎರಡೂ ಕಡೆ ಅಂಟಿದರೆ ಎರಡು ಉದ್ದ ಬರಬಹುದು. ಮೂರು ಹೇಗೆ ಬರುತ್ತದೆ? ರಾಗಿಯ ಹೂವಿಗೆ ಅದರದ್ದೇ ಪರಾಗ. ತಲೆತಲಾಂತರದಿಂದ ತನ್ನೊಳಗೇ ಬೀಜ ಕಟ್ಟಿಕೊಂಡು ಬಂದ ಗಿಡದಲ್ಲಿ ಪ್ರತಿ ಜೀನೋಮಿಗೂ ಒಂದೇ ಉದ್ದ ಇರಬೇಕು, ಅಲ್ವಾ?

ಮೊದಲ ಸಲ ಹತ್ತು ಸಸಿಗಳ ಎಲೆ ಒಟ್ಟಿಗೆ ಅರೆದಿದ್ದೆ. ಹಾಗಾಗಿ ಬೀಜ ಬೆರಕೆ ಆಗಿದೆ ಅಂದುಕೊಂಡು ಮಾವನಿಗೆ ಫೋನ್ ಮಾಡಿ ಕೇಳಿಯೇಬಿಟ್ಟೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬೆರಕೆನಾ? ಒಂದೊಂದು ತೆನೆನೂ ಕೈಯಾರೆ ಆರ್ಸಿ ಕಟ್ಟಿರೋದು ಕಣವ್ವ. ನಮ್ ಮನೇಲಿ ಬಿತ್ನೆ ರಾಗಿ ಬೆರಕೆ ಆಗಕ್ಕಿಲ್ಲ" ಅಂದರು. ದನಿಯಲ್ಲಿ ನೋವಿತ್ತು. ನನಗೆ ಆ ರಾತ್ರಿ ಊಟ ಸೇರಲಿಲ್ಲ.

ಮರುದಿನವೇ ಎಂಟು ಸಸಿಗಳಿಂದ ಬೇರೆ ಬೇರೆ ಡಿಎನ್‌ಎ ತೆಗೆದೆ. ಬೆರಕೆಯಾಗಿದ್ದರೆ ಒಂದೊಂದು ಸಸಿ ಒಂದೊಂದು ಥರ ತೋರಿಸಬೇಕು. ಎಂಟೂ ಒಂದೇ ಥರ. ಎಂಟರಲ್ಲೂ ಅದೇ ಮೂರು ಗೆರೆ. ಮಾವನ ಬೀಜ ಶುದ್ಧ. ಅಂದರೆ ಗಿಡದಲ್ಲೇ ಮೂರು ಇದೆ!

ಆಮೇಲಿನ ವಾರ ನಾನು ಗಾಳಿಯಲ್ಲಿದ್ದೆ. ಆ ಜಾಗ ಎಲ್ಲೋ ಒಂದು ಕಡೆ ಇಮ್ಮಡಿಯಾಗಿರಬೇಕು, ಬೆದ್ದಲಿನ ರಾಗಿಯಲ್ಲಿ ಮಾತ್ರ ಇರುವ ಮೂರನೇ ಪ್ರತಿ ಇದು ಅಂತ ನೋಟ್‌ಬುಕ್ಕಿನಲ್ಲಿ ಎರಡು ಪುಟ ಬರೆದೆ. ಬರಕ್ಕೂ ಅದಕ್ಕೂ ಸಂಬಂಧ ಇದೆಯಾ ಅಂತ ಬಾಣದ ಗುರುತು ಬೇರೆ. ಆ ಪುಟಗಳನ್ನು ಹರಿದಿಲ್ಲ. ಆ ಖುಷಿಯೂ ಈ ಕೆಲಸದ್ದೇ.

ಸುಳಿವು ಮುಂಚೆಯೇ ಸಿಕ್ಕಿತ್ತು. ಗೆರೆಗಳ ಮಸುಕು ಕಡಿಮೆ ಮಾಡಲು ಪಿಸಿಆರ್ ಸೈಕಲ್‌ಗಳನ್ನು (ಬಿಸಿ ಮಾಡಿ ತಣಿಸಿ ಪ್ರತಿ ಮಾಡುವ ಸುತ್ತುಗಳನ್ನು) 35ರಿಂದ 28ಕ್ಕೆ ಇಳಿಸಿದ್ದೆ. ಕೆಳಗಿನ ಎರಡು ಗೆರೆ ಸ್ವಲ್ಪ ಮಂಕಾದವು. ಮೇಲಿನದು ಹೆಚ್ಚುಕಡಿಮೆ ಅಳಿಸಿಯೇ ಹೋಗಿತ್ತು. ಮೂರೂ ಗಿಡದಿಂದಲೇ ಬಂದಿದ್ದರೆ ಮೂರೂ ಒಂದೇ ಪ್ರಮಾಣದಲ್ಲಿ ಮಂಕಾಗಬೇಕಿತ್ತು. ಕೊನೆಯ ಸೈಕಲ್‌ಗಳಲ್ಲಿ ಮಾತ್ರ ಹುಟ್ಟುವ ಏನೋ ಒಂದು ಮೇಲೆ ಕೂತಿತ್ತು.

ಮಾಡಿದ ಪರೀಕ್ಷೆ ತುಂಬ ಸರಳ. ಗೆಲ್ ಲೈಟಿನ ಮೇಲಿರುವಾಗಲೇ ಸೂಜಿ ತುದಿಯಿಂದ ಒಂದೊಂದು ಗೆರೆಯನ್ನೂ ಚುಚ್ಚಿದೆ. ಪ್ರತಿ ಗೆರೆಗೂ ಹೊಸ ಸೂಜಿ. ತುದಿಯನ್ನು ಬೇರೆ ಬೇರೆ ಟ್ಯೂಬಿನಲ್ಲಿ ಅದ್ದಿ ಮತ್ತೆ ಪಿಸಿಆರ್ ಮಾಡಿದೆ. ಕೆಳಗಿನ ಗೆರೆ ಚುಚ್ಚಿದ ಟ್ಯೂಬಿನಲ್ಲಿ ಕೆಳಗಿನದು ಮಾತ್ರ ಬಂತು. ನಡುವಿನದರಲ್ಲಿ ನಡುವಿನದು ಮಾತ್ರ. ಮೇಲಿನ ಗೆರೆ ಚುಚ್ಚಿದ ಟ್ಯೂಬಿನಲ್ಲಿ ಮೂರೂ ಬಂದವು.

ಅದನ್ನು ನೋಡಿ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಮೇಲಿನ ಗೆರೆಗೆ ಅದರದ್ದೇ ಆದ ಡಿಎನ್‌ಎ ಇಲ್ಲ. ಡಿಎನ್‌ಎ ಎರಡು ಎಳೆಗಳ ಜೋಡಿ ಅಲ್ವಾ, ಕೆಳಗಿನದರ ಒಂದು ಎಳೆ, ನಡುವಿನದರ ಒಂದು ಎಳೆ ಸೇರಿ ಆದ ಜೋಡಿ ಅದು. ಹೆಟೆರೋಡುಪ್ಲೆಕ್ಸ್. ಪಿಸಿಆರ್ ಕೊನೆಗೆ ಬರುವಾಗ ಪ್ರೈಮರ್ ಕಡಿಮೆಯಾಗಿ ಪ್ರತಿಗಳು ತುಂಬಿಕೊಂಡಿರುತ್ತವೆ. ಬಿಸಿಯಲ್ಲಿ ಬಿಡಿಸಿಕೊಂಡ ಎಳೆಗಳು ತಣಿಯುವಾಗ ಸಿಕ್ಕವರ ಕೈ ಹಿಡಿಯುತ್ತವೆ. ಒಂದು ಎಳೆಯಲ್ಲಿ ಆರು ಜಿಎ ಜಾಸ್ತಿ ಇದ್ದರೆ ಆ ಹೆಚ್ಚಿನ ಭಾಗ ಉಬ್ಬಿಕೊಂಡು ಹೊರಗೆ ನಿಲ್ಲುತ್ತದೆ. ಉಬ್ಬಿದ ಡಿಎನ್‌ಎ ಗೆಲ್‌ನ ಸಂದಿಗಳಲ್ಲಿ ಸಿಕ್ಕಿಕೊಂಡು ನಿಧಾನ ಓಡುತ್ತದೆ, ಅದಕ್ಕೇ ಅಷ್ಟು ಮೇಲೆ ಕಾಣುವುದು. ಜಿಪಿಯು-28ರಲ್ಲಿ ಇರುವುದು ಒಂದೇ ಉದ್ದ, ಆದ್ದರಿಂದ ಅಲ್ಲಿ ದೆವ್ವವೂ ಇಲ್ಲ.

ಪರಿಹಾರ ಇನ್ನೂ ಸರಳ. ಮುಗಿದ ಪಿಸಿಆರ್‌ನ ಒಂದು ಪಾಲನ್ನು ಹತ್ತು ಪಟ್ಟು ತೆಳು ಮಾಡಿ ಹೊಸ ಮಿಕ್ಸ್‌ಗೆ ಹಾಕಿ, ಮೂರೇ ಮೂರು ಸೈಕಲ್ ಓಡಿಸಿ. ಹೊಸ ಪ್ರೈಮರ್ ಧಾರಾಳ ಇರುವುದರಿಂದ ಪ್ರತಿ ಎಳೆಗೂ ಅದರ ಸರಿಯಾದ ಜೋಡಿಯೇ ಹುಟ್ಟುತ್ತದೆ. ನಿನ್ನೆ ರಾತ್ರಿ ನಡೆದದ್ದು ಇದು. ರಾಗಿ, ಗೋಧಿ ಥರದ ಎರಡು ಮೂರು ಜೀನೋಮಿನ ಬೆಳೆ ಹಿಡಿದವರು ಈ ಮೂರು ಸೈಕಲ್ ಬಿಡಬೇಡಿ. ಐದು ವಾರ ಉಳಿಯುತ್ತದೆ.

ಬೆಳಗ್ಗೆ ಆರಕ್ಕೇ ಮಾವನಿಗೆ ಫೋನ್ ಮಾಡಿದೆ. "ಬೀಜದಲ್ಲಿ ಏನೂ ಬೆರಕೆ ಇಲ್ಲ ಮಾವ, ನಾನೇ ತಪ್ಪು ತಿಳಿದಿದ್ದೆ" ಅಂದೆ. "ಅಂಗಂತ ಅವತ್ತೇ ಯೋಳಿದ್ನಲ್ಲವ್ವ" ಅಂದು ನಕ್ಕರು. ಈ ಸಲ ಊರಿಗೆ ಬಂದಾಗ ಗೆಲ್ ಫೋಟೋ ತರಬೇಕಂತೆ.

ಇನ್ನೊಂದು ಮಸುಕು ಉಳಿದಿದೆ, ಅದು ಹೋಗುವುದಿಲ್ಲ. ಪ್ರತಿ ಮುಖ್ಯ ಗೆರೆಯ ಕೆಳಗೆ ಎರಡಕ್ಷರ ಕಡಿಮೆಯ ಒಂದು ತೆಳು ಗೆರೆ, ಅದರ ಕೆಳಗೆ ಇನ್ನೂ ತೆಳುವಾದದ್ದು. ಏಣಿ ಮೆಟ್ಟಿಲಿನ ಹಾಗೆ. ನಾವೆಲ್ಲ ಬೈದುಕೊಳ್ಳುವ ಸ್ಟಟರ್. ಒಂದೇ ಥರದ ಅಕ್ಷರ ಸಾಲಾಗಿ ಬಂದಾಗ ಪಾಲಿಮರೇಸ್, ಅಂದರೆ ಪ್ರತಿ ಮಾಡುವ ಎನ್‌ಜೈಮ್, ಜಾರುತ್ತದೆ. ಭಜನೆಯಲ್ಲಿ ಒಂದೇ ಸಾಲನ್ನು ಮೂವತ್ತು ಸಲ ಹೇಳುವಾಗ ಎಷ್ಟನೇ ಸಲ ಅಂತ ಲೆಕ್ಕ ತಪ್ಪುತ್ತದಲ್ಲ, ಹಾಗೆ. ಎನ್‌ಜೈಮ್ ಬದಲಿಸಿದರೆ ಕಡಿಮೆಯಾಗುತ್ತದೆ, ಮೂರಕ್ಷರದ ರಿಪೀಟ್ ಆರಿಸಿಕೊಂಡರೆ ಇನ್ನೂ ಕಡಿಮೆ.

ಆದರೆ ನಿನ್ನೆ ಈ ಮೆಟ್ಟಿಲುಗಳನ್ನು ನೋಡುತ್ತಾ ಕೂತಾಗ ನನಗೆ ಬೈಯುವ ಮನಸ್ಸಾಗಲಿಲ್ಲ. ನನ್ನ ಟ್ಯೂಬಿನಲ್ಲಿ ಜಾರಿದ ಹಾಗೇ ಗಿಡದ ಜೀವಕೋಶದಲ್ಲೂ ಪಾಲಿಮರೇಸ್ ಜಾರುತ್ತದೆ. ಅಲ್ಲಿ ತಿದ್ದುವವರಿದ್ದಾರೆ, ಎಂಎಸ್‌ಎಚ್2 ಥರದ ಪ್ರೋಟೀನ್‌ಗಳು. ಬಹಳಷ್ಟು ತಪ್ಪು ಸರಿಹೋಗುತ್ತದೆ, ಕೆಲವು ಉಳಿಯುತ್ತವೆ. ಒಂದು ಅಕ್ಷರ ಬದಲಾಗುವುದಕ್ಕಿಂತ ರಿಪೀಟ್‌ನ ಲೆಕ್ಕ ಬದಲಾಗುವುದು ಸಾವಿರಾರು ಪಟ್ಟು ಜಾಸ್ತಿ. ಹೆಚ್ಚಾದದ್ದು ಮುಂದೊಂದು ಪೀಳಿಗೆಯಲ್ಲಿ ಮತ್ತೆ ಕಡಿಮೆಯೂ ಆಗಬಹುದು. ತಂಬೂರಿ ನುಡಿಸುವವರಿಗೆ ಹೇಳುವುದಾದರೆ, ಬಿರಡೆ ತಿರುಗಿಸಿದಂತೆ ಅಲ್ಲ, ತಂತಿಯ ಕೆಳಗಿನ ಮಣಿ ಸರಿಸಿದಂತೆ. ಅಂಥ ರಿಪೀಟ್ ಒಂದು ಜೀನಿನ ಪಕ್ಕದಲ್ಲಿ ಕೂತಿದ್ದರೆ ಆ ಜೀನಿನ ದನಿ ಒಂಚೂರು ಏರಬಹುದು, ಇಳಿಯಬಹುದು.

ಇದು ಬರೀ ಊಹೆಯಲ್ಲ. ಐರ್ಲೆಂಡಿನ ಬರೆನ್ ಪ್ರದೇಶದಿಂದ ಬಂದ ಅರಬಿಡಾಪ್ಸಿಸ್ (ಲ್ಯಾಬ್‌ಗಳಲ್ಲಿ ಬೆಳೆಸುವ ಪುಟ್ಟ ಕಳೆ) ಗಿಡದಲ್ಲಿ ಐಐಎಲ್1 ಅನ್ನೋ ಜೀನಿನೊಳಗೆ ಜಿಎಎ ಮೂರಕ್ಷರ ನಾನೂರಕ್ಕೂ ಜಾಸ್ತಿ ಸಲ ಬರುತ್ತದೆ. ತಂಪಿನಲ್ಲಿ ಗಿಡ ಚೆನ್ನಾಗಿಯೇ ಇರುತ್ತದೆ. 27 ಡಿಗ್ರಿಯಲ್ಲಿ ಬೆಳೆಸಿದರೆ ಎಲೆ ಸೊಟ್ಟಗಾಗಿ ಬೆಳವಣಿಗೆ ಕುಂಠಿತ. ರಿಪೀಟ್ ಕುಗ್ಗಿದರೆ ಗಿಡ ಮತ್ತೆ ಸರಿ. 2009ರಲ್ಲಿ ಬಂದ ಕೆಲಸ ಅದು. ಗಿಡಕ್ಕೆ ಲಾಭ ಆಗುವ ಉದಾಹರಣೆ ಇದಲ್ಲ, ಗೊತ್ತು. ಆದರೆ ರಿಪೀಟ್‌ನ ಲೆಕ್ಕಕ್ಕೂ ವಾತಾವರಣದ ಬಿಸಿಗೂ ನೇರ ನಂಟು ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ನನಗೆ ಬೇರೆ ಸಿಕ್ಕಿಲ್ಲ.

ಲಾಭದ ಉದಾಹರಣೆ ಜೋಳದಲ್ಲಿದೆ. ಅಲ್ಲಿಗೇ ನನ್ನ ಮುಂದಿನ ಪ್ರಾಜೆಕ್ಟ್. ರಾಗಿ ಮುಗಿದಿಲ್ಲ, ಆದರೂ ತಡೆಯಲಾಗಲಿಲ್ಲ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನು ಸುಡುತ್ತದೆ. ಕೆಲವು ಜೋಳದ ತಳಿಗಳು ಬೇರಿನಿಂದ ಸಿಟ್ರೇಟ್ ಹೊರಬಿಟ್ಟು ಅಲ್ಯೂಮಿನಿಯಂ ಅನ್ನು ಕಟ್ಟಿಹಾಕುತ್ತವೆ. ಆ ಕೆಲಸದ ಜೀನು ಎಸ್‌ಬಿಮೇಟ್. 2007ರಲ್ಲಿ ಅದನ್ನು ಗುರುತಿಸಿದವರು ಕಂಡದ್ದೇನೆಂದರೆ, ಜೀನಿನ ಮುಂದಿನ ಭಾಗದಲ್ಲಿ ಸಣ್ಣ ಜಿಗಿಯುವ ತುಣುಕು ಸೇರಿದ ಒಂದು ರಿಪೀಟ್ ಇದೆ, ಅದು ಹೆಚ್ಚು ಸಲ ಬಂದಷ್ಟೂ ತಾಳಿಕೆ ಹೆಚ್ಚು. ಇಲ್ಲಿ ತಳಿಯಿಂದ ತಳಿಗೆ ವ್ಯತ್ಯಾಸ ನೂರಾರು ಅಕ್ಷರ. ಅಂದರೆ ಮಾಮೂಲಿ ಅಗರೋಸ್ ಸಾಕು. ಸ್ಟಟರ್ ಇಲ್ಲ, ಅಕ್ರಿಲಮೈಡ್ ಇಲ್ಲ!

ಅಲ್ಯೂಮಿನಿಯಂಗೆ ಯಾರ ಲೆಟರ್‌ಹೆಡ್ಡೂ ಬೇಡ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಪಟಿಕದಲ್ಲೇ ಅದಿದೆ. ಮಾಲದಂಡಿ ಜೋಳ ವಿಜಯಪುರದ ಗೆಳೆಯನ ಮನೆಯಿಂದ ಬಂದಿದೆ. ಕಪ್ಪು ಮಣ್ಣಿನಲ್ಲಿ ಈ ತೊಂದರೆಯೇ ಇಲ್ಲ, ಹಾಗಾಗಿ ಮಾಲದಂಡಿಯಲ್ಲಿ ರಿಪೀಟ್ ಕಡಿಮೆ ಇರಬಹುದು ಅನ್ನೋದು ನನ್ನ ಪಂದ್ಯ. ಹೋಲಿಸಲು ಮಲೆನಾಡು, ಕರಾವಳಿಯ ಹುಳಿ ಮಣ್ಣಿನಲ್ಲಿ ಯಾರಾದರೂ ಹಳೇ ಜೋಳ ಬೆಳೆಯುತ್ತಿದ್ದರೆ ಒಂದು ಹಿಡಿ ಬೀಜ ಕೊಡಿ, ಅಂಚೆ ಖರ್ಚು ನನ್ನದು.

ಇವತ್ತು ಬೆಳಗ್ಗೆ ಇಪ್ಪತ್ತು ಕಾಳು ನೆನೆಹಾಕಿದ್ದೇನೆ. ಹತ್ತು ಬರೀ ನೀರಿಗೆ, ಹತ್ತು ಪಟಿಕದ ಹುಳಿ ನೀರಿಗೆ. ಗುರುವಾರ ಬೇರು ಅಳೆಯುವುದು. ಭಾನುವಾರ ರಾಗಿಯ ಉಳಿದ ಹನ್ನೆರಡು ಸ್ಯಾಂಪಲ್, ಮೂರು ಸೈಕಲ್ ಸಮೇತ.