ಉಸಿರಿನ ಅಸಿಟೋನ್ ಅಳೆಯಲು ಹೊರಟರೆ ಮೊದಲು ಎದುರಾಗುವುದು ತೇವ

ಸಕ್ಕರೆ ಕಾಯಿಲೆಯವರ ಉಸಿರಿನಲ್ಲಿ ಅಸಿಟೋನ್ (ದೇಹ ಕೊಬ್ಬು ಉರಿಸುವಾಗ ಹುಟ್ಟುವ ಆವಿ) ಹೆಚ್ಚಬಹುದು ಎಂದು ಓದಿ ಟಿಜಿಎಸ್ 822 ಎಂಬ ಗ್ಯಾಸ್ ಸೆನ್ಸರ್ ಕೊಳ್ಳುವವರು ಅದರ ಡೇಟಾಶೀಟನ್ನೂ ನೋಡಬೇಕು. ಅಲ್ಲಿರುವ ವ್ಯಾಪ್ತಿ 50ರಿಂದ 5000 ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂಬ ಅಳತೆ). ಉಸಿರಿನ ಪ್ರಮಾಣ ಅದಕ್ಕಿಂತ ಎಷ್ಟೋ ಕೆಳಗೆ. ಆರೋಗ್ಯವಂತರ ಉಸಿರಿನಲ್ಲಿರುವುದು ಸಾಮಾನ್ಯವಾಗಿ 1 ಪಿಪಿಎಂ ಒಳಗೆ. ಮಧುಮೇಹದ ಗೆರೆಯೆಂದು ಹಲವು ಲೇಖನಗಳು ಹೇಳುವುದು 1.8. ಇಷ್ಟು ಸಣ್ಣ ಬದಲಾವಣೆಗೆ ಆರ್ಡುಯಿನೊ ಊನೊ ಬೋರ್ಡಿನ 10 ಬಿಟ್ ಅಳತೆ ಸಾಲದು, 16 ಬಿಟ್‌ನ ಎಡಿಎಸ್1115 ಚಿಪ್ (ಸೆನ್ಸರಿನ ವೋಲ್ಟೇಜನ್ನು ಅಂಕಿಯಾಗಿಸುವುದು) ಬೇಕು.

ನಿಜವಾದ ತೊಡಕು ತೇವದ್ದು. ಕೋಣೆಯ ಗಾಳಿಯಿಂದ ಉಸಿರಿಗೆ ಬದಲಾಯಿಸಿದ ಕೂಡಲೇ ಏರುವ ಸಿಗ್ನಲ್‌ನಲ್ಲಿ ಬಹುಪಾಲು ನೀರಾವಿಯದೇ. ಚಿಕ್ಕಮಗಳೂರಿನಲ್ಲಿ ಜನವರಿಯಲ್ಲಿ ಬರೀ ಗಾಳಿಗೆ ತೆಗೆದ ಮೂಲ ರೀಡಿಂಗ್, ಅಂದರೆ ಬೇಸ್‌ಲೈನ್ ಜುಲೈ ಮಳೆಗೆ ಹೊಂದುವುದಿಲ್ಲ. ತೇವ ಹೀರಲು ಸಿಲಿಕಾ ಜೆಲ್ ಹಾಕಿದರೆ ಅದು ಅಸಿಟೋನನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಉಸಿರನ್ನು ಒಣಗಿಸುವ ಬದಲು ಬೇಸ್‌ಲೈನ್ ಗಾಳಿಯನ್ನೇ ಇದ್ದಿಲಿನಲ್ಲಿ ಸೋಸಿ, 34 ಡಿಗ್ರಿಯ ನೀರಿನಲ್ಲಿ ಗುಳ್ಳೆಯಾಗಿ ಹಾಯಿಸಿ ತೇವ ಮಾಡಿ. ಉಸಿರು ಹಿಡಿಯುವ ಚೀಲವನ್ನೂ ಸೆನ್ಸರ್ ಡಬ್ಬಿಯನ್ನೂ 40 ಡಿಗ್ರಿಯಲ್ಲಿಟ್ಟರೆ ಹನಿ ಕಟ್ಟುವುದಿಲ್ಲ.

ಸೆನ್ಸರ್ ಮೇಲೆ ನೇರವಾಗಿ ಊದಬೇಡಿ, ಅದರೊಳಗಿನ ಹೀಟರ್ ತಣಿಯುತ್ತದೆ. ಮೊದಲ ಅರ್ಧ ಲೀಟರಿನಲ್ಲಿ ಬಾಯಿ, ಗಂಟಲಿನ ಗಾಳಿ ಬೆರೆತಿರುತ್ತದೆ. ಅದನ್ನು ಹೊರಬಿಟ್ಟು ಉಳಿದದ್ದನ್ನು 1 ಲೀಟರ್ ಟೆಡ್ಲಾರ್ (ಗಾಳಿ ಹಿಡಿದಿಡುವ ಪ್ಲಾಸ್ಟಿಕ್) ಚೀಲದಲ್ಲಿ ಹಿಡಿಯಿರಿ. ಕೊಳವೆ ಟೆಫ್ಲಾನ್‌ನದೇ ಇರಲಿ: ಸಿಲಿಕೋನ್ ಆವಿ ಸೆನ್ಸರನ್ನು ಶಾಶ್ವತವಾಗಿ ಕೆಡಿಸಬಹುದು.

ಕ್ಯಾಲಿಬ್ರೇಷನ್‌ಗೆ, ಅಂದರೆ ಗೊತ್ತಿರುವ ಪ್ರಮಾಣಕ್ಕೆ ಸೆನ್ಸರನ್ನು ಹೊಂದಿಸಲು, 20 ಲೀಟರ್ ಗಾಜಿನ ಜಾಡಿಗೆ 1 ಮೈಕ್ರೋಲೀಟರ್ ಅಸಿಟೋನ್ ಹಾಕಿ ಆವಿಯಾಗಲು ಬಿಡಿ. ಸಮುದ್ರಮಟ್ಟದಲ್ಲಿ ಇದು ಸುಮಾರು 16.5 ಪಿಪಿಎಂ. ಹಾಸನದ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು ಶೇ. 10 ಕಡಿಮೆ, ಹಾಗಾಗಿ ಇಲ್ಲಿ 18ರ ಸುಮಾರು. ಅದರಲ್ಲಿ 100 ಮಿಲಿ ತೆಗೆದು 900 ಮಿಲಿ ತೇವದ ಗಾಳಿಗೆ ಸೇರಿಸಿದರೆ 1.8. ನೆಟ್‌ನಲ್ಲಿ ಸಿಗುವ ಸೂತ್ರಗಳಲ್ಲಿ ಈ ಒತ್ತಡದ ಲೆಕ್ಕ ಸಾಮಾನ್ಯವಾಗಿ ಬಿಟ್ಟುಹೋಗಿರುತ್ತದೆ.

ಹೊಸ ಸೆನ್ಸರನ್ನು ಒಂದು ವಾರ ಬಿಸಿಯಲ್ಲಿಡಬೇಕು. ನಡುವೆ ಕರೆಂಟ್ ಹೋದರೆ ಬೇಸ್‌ಲೈನ್ ಅಲುಗುತ್ತದೆ. ವೈಫೈ ರೂಟರಿಗೆ ಹಾಕುವ, 5 ವೋಲ್ಟ್ ಔಟ್‌ಪುಟ್ ಇರುವ ಪುಟ್ಟ ಯುಪಿಎಸ್ ಸಾಕು.

ಈ ಸೆನ್ಸರಿಗೆ ಅಸಿಟೋನ್ ಯಾವುದು, ಆಲ್ಕೋಹಾಲ್ ಯಾವುದು ಗೊತ್ತಾಗುವುದಿಲ್ಲ. ಕೈಗೆ ಹಚ್ಚಿದ ಸ್ಯಾನಿಟೈಸರ್, ಮೌತ್‌ವಾಶ್, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಓಡುವ ದಿನಗಳಲ್ಲಿ ಹುಳಿತ ಕಾಫಿ ಹಣ್ಣಿನ ವಾಸನೆ, ಎಲ್ಲವೂ ರೀಡಿಂಗ್ ಏರಿಸುತ್ತವೆ. ಉಪವಾಸವಿದ್ದರೆ ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಅಸಿಟೋನ್ ಏರುತ್ತದೆ, ಆದ್ದರಿಂದ ಕೊನೆಯ ಊಟದ ಹೊತ್ತನ್ನು ಪ್ರತಿ ರೀಡಿಂಗಿನ ಪಕ್ಕ ಬರೆಯಿರಿ. ಈ ಅಂಕಿ ನೋಡಿ ಯಾರೂ ಇನ್ಸುಲಿನ್ ಬದಲಿಸಬಾರದು. ಸಕ್ಕರೆ ಕಾಯಿಲೆಯವರಿಗೆ ವಾಂತಿ, ಏದುಸಿರು, ಉಸಿರಿನಲ್ಲಿ ಕೊಳೆತ ಹಣ್ಣಿನಂಥ ವಾಸನೆ ಕಂಡರೆ ಅಳೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.