ಹುಸೇನ್ ಖಾನ್ ಯಾರು ಎಂದು ಕೇಳಿದ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಮೇಲೆ ವಿಭಾಗದಿಂದ ಫೋನ್ ಬಂತು. ಈ ಸಲದ ಕಾಲೇಜು ಸಂಚಿಕೆಗೆ ಅವರ ಬಗ್ಗೆ ನೀವೇ ಬರೆಯಬೇಕು ಎಂದರು. ಕೂಡಲೇ ಒಪ್ಪಿಕೊಂಡೆ. ಅವರ ಕೈಕೆಳಗೆ ಪ್ಯಾರಸೈಟಾಲಜಿಯಲ್ಲಿ, ಅಂದರೆ ಪರಾವಲಂಬಿ ಜೀವಿಗಳ ಶಾಸ್ತ್ರದಲ್ಲಿ, ಎಂ.ಎಸ್ಸಿ. ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಆದರೆ ಇವತ್ತಿಗೂ ದಿನ ಬೆಳಗಾದರೆ ಮೈಕ್ರೋಸ್ಕೋಪಿನ ಮುಂದೆ ಕೂರುವವರು ಕೆಲವರೇ. ಅದರಲ್ಲಿ ನಾನೂ ಒಬ್ಬಳು. ಹಾಗಾಗಿ ಬರೆಯುವ ಹಕ್ಕು ನನಗಿದೆ ಎಂದೇ ನನ್ನ ನಂಬಿಕೆ. ಅವರ ಹೆಸರು ಹಾಕುವುದಿಲ್ಲ. ನಾವು ಅವರನ್ನು ಹೆಸರು ಹಿಡಿದು ಕರೆದವರೇ ಅಲ್ಲ.

ಎಂ.ಎಸ್ಸಿ.ಯಲ್ಲಿ ಏನು ಓದಿದಿರಿ ಎಂದು ಈಗ ಯಾರಾದರೂ ಕೇಳಿದರೆ ಪೇಪರುಗಳ ಹೆಸರೂ ಸರಿಯಾಗಿ ನೆನಪಿಗೆ ಬರುವುದಿಲ್ಲ. ಬಯೋಕೆಮಿಸ್ಟ್ರಿ ಇತ್ತು, ಇಮ್ಯುನಾಲಜಿ ಇತ್ತು, ಸ್ಟ್ಯಾಟಿಸ್ಟಿಕ್ಸ್ ಇತ್ತು. ನೋಟ್ಸ್ ಬರೆದೆವು, ಪರೀಕ್ಷೆ ಬರೆದೆವು, ಮರೆತೆವು. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುತ್ತಿದ್ದ ಜೀವನಚಕ್ರ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಬೇರೆಯವರು ಜೀವನಚಕ್ರ ಎಂದರೆ ನಾಲ್ಕು ಬಾಣದ ಗುರುತು ಹಾಕುತ್ತಾರೆ. ಮೊಟ್ಟೆ, ಲಾರ್ವಾ, ಹುಳು, ಮತ್ತೆ ಮೊಟ್ಟೆ. ಇವರು ಮೊದಲು ಒಬ್ಬ ಮನುಷ್ಯನನ್ನು ಬರೆಯುತ್ತಿದ್ದರು. ಆಮೇಲೆ ಸೀಮೆಸುಣ್ಣ ಎತ್ತುತ್ತಲೇ ಇರಲಿಲ್ಲ. ದುಂಡುಹುಳದ ಮೊಟ್ಟೆ ಬಾಯಿಂದ ಒಳಗೆ ಹೋಯಿತು. ಸಣ್ಣ ಕರುಳಿನಲ್ಲಿ ಒಡೆಯಿತು. ಲಾರ್ವಾ ಕರುಳಿನ ಗೋಡೆ ಕೊರೆದು ರಕ್ತಕ್ಕೆ ಸೇರಿತು. ಲಿವರ್ ದಾಟಿತು, ಶ್ವಾಸಕೋಶಕ್ಕೆ ಬಂತು, ಅಲ್ಲಿಂದ ಗಂಟಲಿನವರೆಗೂ ಹತ್ತಿತು. ಅಲ್ಲಿ ಗೆರೆ ನಿಲ್ಲುತ್ತಿತ್ತು. "ಈಗ?" ಎಂದು ನಮ್ಮ ಕಡೆ ತಿರುಗುತ್ತಿದ್ದರು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಅವರು ಕತ್ತು ಸ್ವಲ್ಪ ಎತ್ತಿ ಎಂಜಲು ನುಂಗಿ ತೋರಿಸುತ್ತಿದ್ದರು. ಇಡೀ ಕ್ಲಾಸು ಅವರ ಜೊತೆಗೇ ಒಂದು ಸಲ ನುಂಗುತ್ತಿತ್ತು. "ಹಾಂ, ಅಷ್ಟೇ. ಮತ್ತೆ ಕರುಳಿಗೇ ಬಂತು. ಕರುಳಲ್ಲೇ ಇದ್ದದ್ದು ಇಷ್ಟು ದೂರ ಸುತ್ತಿಕೊಂಡು ಮತ್ತೆ ಅಲ್ಲಿಗೇ ಯಾಕೆ ಬರುತ್ತೆ? ನಾಳೆ ಯೋಚನೆ ಮಾಡಿಕೊಂಡು ಬನ್ನಿ."

ಈ ದಾರಿ ನಿಜ ಎಂದು ತೋರಿಸಲು 1922ರಲ್ಲಿ ಜಪಾನಿನ ಕೊಯಿನೋ ಎಂಬಾತ ದುಂಡುಹುಳದ 2000 ಮೊಟ್ಟೆಗಳನ್ನು ತಾನೇ ನುಂಗಿದ್ದ. ಆಮೇಲೆ ಅವನ ಕಫದಲ್ಲೇ ಲಾರ್ವಾಗಳು ಸಿಕ್ಕವು. ಮೇಷ್ಟ್ರು ಇದನ್ನು ಹೇಳುವಾಗ ದನಿ ತಗ್ಗಿಸುತ್ತಿದ್ದರು. ಕೈರೋದಲ್ಲಿ ಲೂಸ್ ಎಂಬ ವಿಜ್ಞಾನಿಯ ಕೈಮೇಲೆ ಕೊಕ್ಕೆಹುಳದ ಲಾರ್ವಾ ಇದ್ದ ನೀರು ಚೆಲ್ಲಿತು. ಚರ್ಮ ಕೆಂಪಾಗಿ ಉರಿಯಿತು. ಆತ ಅದನ್ನು ಒರೆಸಿ ಸುಮ್ಮನಾಗಲಿಲ್ಲ. ತನ್ನ ಮಲವನ್ನೇ ಪರೀಕ್ಷೆ ಮಾಡುತ್ತಾ ಕಾದ, ಮೊಟ್ಟೆ ಕಾಣಿಸಿತು. ಈ ಹುಳು ಚರ್ಮದ ಮೂಲಕವೇ ಒಳಗೆ ಬರುತ್ತದೆ ಎಂದು ಗೊತ್ತಾದದ್ದು ಹಾಗೆ. ಪುಸ್ತಕದಲ್ಲಿ ಇದು ಒಂದು ಸಾಲು. ಮೇಷ್ಟ್ರ ಬಾಯಲ್ಲಿ ಇದು ಇಡೀ ಒಂದು ಪೀರಿಯಡ್ಡು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಅವರ ಪ್ರಶ್ನೆಗಳೇ ಬೇರೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ 1897ರ ಆಗಸ್ಟ್ 20ರಂದು ಕಂಡರು ಎಂದು ನಾವೆಲ್ಲ ಬಾಯಿಪಾಠ ಮಾಡಿಕೊಂಡು ಹೋಗಿದ್ದೆವು. ಮೇಷ್ಟ್ರು ದಿನಾಂಕ ಕೇಳಲೇ ಇಲ್ಲ. "ಹುಸೇನ್ ಖಾನ್ ಯಾರು?" ಎಂದರು. ನನ್ನ ಮುಂಚೆ ಹೋದವರೆಲ್ಲ ತಲೆ ಅಲ್ಲಾಡಿಸಿ ಬಂದಿದ್ದರು. ನಾನು ಹೇಳಿದೆ. ಅದೇ ಆಗಸ್ಟಿನಲ್ಲಿ ರಾಸ್ ಸಾಕಿದ್ದ ಸೊಳ್ಳೆಗಳಿಂದ ಕಚ್ಚಿಸಿಕೊಂಡ ಮಲೇರಿಯಾ ರೋಗಿ ಆತ. ಕಚ್ಚಿದ ಒಂದೊಂದು ಸೊಳ್ಳೆಗೆ ಒಂದಾಣೆ ಕೊಡಲಾಗಿತ್ತು. ಮೇಷ್ಟ್ರು ಬೇರೆ ಪ್ರಶ್ನೆ ಕೇಳದೆ ಮಾರ್ಕ್ಸ್ ಹಾಕಿ ಕಳಿಸಿದರು. "ರಾಸ್‌ಗೆ 1902ರಲ್ಲಿ ನೊಬೆಲ್ ಬಂತು, ಎಲ್ಲರಿಗೂ ಗೊತ್ತು. ಜ್ವರ ಇಟ್ಟುಕೊಂಡು ಸೊಳ್ಳೆಪರದೆಯೊಳಗೆ ಮಲಗಿದವನ ಹೆಸರು ಒಬ್ಬರಾದರೂ ನೆನಪಿಟ್ಟುಕೊಳ್ಳಬೇಕಲ್ವಾ" ಎಂದು ಆಮೇಲೆ ಕಾರಿಡಾರಿನಲ್ಲಿ ಹೇಳಿದರು. ಪ್ರತಿ ಸ್ಲೈಡಿನ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ ಎನ್ನುವುದು ಅವರಿಗೆ ಬರೀ ಮಾತಾಗಿರಲಿಲ್ಲ.

ಅದು ನನಗೆ ಮನದಟ್ಟಾದದ್ದು ಆನೆಕಾಲು ರೋಗದ ರಾತ್ರಿ ಸರ್ವೆಯಲ್ಲಿ. ಈ ರೋಗ ತರುವ ಬ್ಯಾಂಕ್ರಾಫ್ಟಿ ಹುಳದ ಮರಿಗಳು, ಅಂದರೆ ಮೈಕ್ರೋಫೈಲೇರಿಯಾ, ಹಗಲಲ್ಲಿ ಶ್ವಾಸಕೋಶದ ರಕ್ತನಾಳಗಳಲ್ಲಿ ಅಡಗಿರುತ್ತವೆ. ಕ್ಯುಲೆಕ್ಸ್ ಸೊಳ್ಳೆ ಕಚ್ಚುವ ಹೊತ್ತಿಗೆ ಸರಿಯಾಗಿ ಚರ್ಮದ ಹತ್ತಿರದ ರಕ್ತಕ್ಕೆ ಬರುತ್ತವೆ. ಅದಕ್ಕೇ ರಾತ್ರಿ 10ರಿಂದ 2ರವರೆಗೆ ಮನೆ ಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯಬೇಕು. ಟಾರ್ಚ್ ಹಿಡಿದು ಮೇಷ್ಟ್ರ ಹಿಂದೆ ಹೊರಟೆವು.

ಒಂದು ಮನೆಯಲ್ಲಿ ಒಬ್ಬ ಅಜ್ಜಿ. ಒಂದು ಕಾಲು ಮೊಣಕಾಲಿನಿಂದ ಕೆಳಗೆ ಪೂರ್ತಿ ಊದಿ ಗಟ್ಟಿಯಾಗಿತ್ತು. ಪಕ್ಕದಲ್ಲಿ ಮೊಮ್ಮಗ, ಕಟ್ಟುಮಸ್ತಾದ ಹುಡುಗ. ಇಬ್ಬರ ರಕ್ತವನ್ನೂ ತೆಗೆದೆವು. ಅಜ್ಜಿಯ ಸ್ಲೈಡಿನಲ್ಲಿ ಏನೂ ಇಲ್ಲ. ಹುಡುಗನ ಹಸಿ ರಕ್ತದ ಹನಿಯನ್ನು ಲೆನ್ಸಿನ ಕೆಳಗಿಟ್ಟರೆ ಮೈ ಜುಮ್ಮೆಂದಿತು. ಕೆಂಪು ರಕ್ತಕಣಗಳ ನಡುವೆ ಸಣ್ಣ ಸಣ್ಣ ಹುಳುಗಳು ಚಾಟಿಯ ಹಾಗೆ ಬಳುಕುತ್ತಾ ಕಣಗಳನ್ನು ಅತ್ತಿತ್ತ ತಳ್ಳುತ್ತಿದ್ದವು. ಕಾಲು ಊದಿ ವರ್ಷಗಟ್ಟಲೆ ಆದವರ ರಕ್ತದಲ್ಲಿ ಮರಿಗಳು ಸಿಗದಿರುವುದೇ ಹೆಚ್ಚು. ಹೊರಗೆ ಏನೂ ಕಾಣದವರ ಮೈಯಲ್ಲಿ ತುಂಬಿರುತ್ತವೆ, ಸೊಳ್ಳೆ ಅವರಿಂದಲೇ ಹೊತ್ತೊಯ್ಯುತ್ತದೆ. ಅಲ್ಲಿಯವರೆಗೆ ಇದನ್ನು ಓದಿದ್ದೆವು, ನೋಡಿರಲಿಲ್ಲ.

"ಕಾಲು ಬಂದಿರೋದು ನನಗೆ, ಮಾತ್ರೆ ಅವನಿಗ್ಯಾಕಪ್ಪಾ?" ಎಂದು ಅಜ್ಜಿ ಕೇಳಿದರು. ಮೇಷ್ಟ್ರು ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತರು. "ನಿಮ್ಮ ಒಳಗಿನ ಹುಳ ಕೆಲಸ ಮುಗಿಸಿದೆ ಅಜ್ಜಿ. ಇವನದು ಈಗ ಶುರು ಮಾಡಿದೆ. ಇವನ ಕಾಲು ನಿಮ್ಮ ಕಾಲಿನ ಹಾಗೆ ಆಗಬಾರದು ಅಂತಲೇ ನಾವು ರಾತ್ರಿಯಲ್ಲಿ ಬಂದಿರೋದು" ಎಂದರು. ಆಮೇಲೆ ಕಾಲನ್ನು ದಿನಾ ಸೋಪು ಹಚ್ಚಿ ಹೇಗೆ ತೊಳೆಯಬೇಕು, ಬೆರಳುಗಳ ಸಂದಿಯನ್ನು ಹೇಗೆ ಒಣಗಿಸಬೇಕು ಎಂದು ತಾವೇ ತೋರಿಸಿಕೊಟ್ಟರು. ಸರ್ವೆಯ ಫಾರಂನಲ್ಲಿ ಅದಕ್ಕೆ ಯಾವ ಕಾಲಂ ಕೂಡ ಇರಲಿಲ್ಲ. ಹುಡುಗನನ್ನು ಕರೆದು ಅವನ ರಕ್ತವನ್ನು ಅವನಿಗೇ ತೋರಿಸಿದರು. ಅವನು ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಮಾತ್ರೆ ಬೇಡ ಎನ್ನಲೂ ಇಲ್ಲ.

ನಮ್ಮ ಲ್ಯಾಬ್ ಅಟೆಂಡರ್ ಬಗ್ಗೆ ಬರೆಯದಿದ್ದರೆ ಇದು ಅರ್ಧಕ್ಕೆ ನಿಂತ ಹಾಗೆ. ಅವರು ಕಾಲೇಜು ಮೆಟ್ಟಿಲು ಹತ್ತಿದ್ದು ಕೆಲಸಕ್ಕಾಗಿ, ಓದಲು ಅಲ್ಲ. ಆದರೆ ರಕ್ತದ ಸ್ಲೈಡಿಗೆ ಬಣ್ಣ ಕೊಡುವ ಗೀಮ್ಸಾ ಸ್ಟೇನ್ ಅವರ ಕೈಯಲ್ಲಿ ಕೂಡಿಬಂದಷ್ಟು ಚೆನ್ನಾಗಿ ನಾನು ಬೇರೆಲ್ಲೂ ನೋಡಿಲ್ಲ. ಬಣ್ಣ ಬೆರೆಸುವ ನೀರಿನ ಪಿ.ಎಚ್. 7.2 ಇಲ್ಲದಿದ್ದರೆ ಬಾಟಲಿ ಮುಟ್ಟಲು ಬಿಡುತ್ತಿರಲಿಲ್ಲ. ನೀರು ಹುಳಿಯಾದರೆ ವೈವ್ಯಾಕ್ಸ್ ಎಂಬ ಮಲೇರಿಯಾ ಜೀವಿ ಹೊಕ್ಕ ರಕ್ತಕಣದೊಳಗಿನ ಗುಲಾಬಿ ಚುಕ್ಕೆಗಳು ಏಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. "ತೆಳು ಸ್ಮಿಯರ್‌ಗೆ ಮೆಥನಾಲ್, ದಪ್ಪದಕ್ಕೆ ಬೇಡವೇ ಬೇಡ ಕಣಮ್ಮ" ಎಂದು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತಿದ್ದರು. ಸ್ಮಿಯರ್ ಎಂದರೆ ಗಾಜಿನ ಮೇಲೆ ಸವರಿದ ರಕ್ತ. ದಪ್ಪ ಸ್ಮಿಯರನ್ನು ಮೆಥನಾಲ್‌ನಲ್ಲಿ ಅದ್ದಿದರೆ ಕೆಂಪು ಕಣಗಳು ಒಡೆಯದೆ ಗಟ್ಟಿಯಾಗಿ ನಿಲ್ಲುತ್ತವೆ, ಒಳಗೆ ಏನಿದ್ದರೂ ಕಾಣುವುದಿಲ್ಲ. ಮೇಷ್ಟ್ರು ಅವರನ್ನು "ನೀವು" ಎಂದೇ ಮಾತನಾಡಿಸುತ್ತಿದ್ದರು. ಸ್ಲೈಡ್ ನೋಡಿ ಹೆಸರು ಬರೆಯುವ ಸ್ಪಾಟಿಂಗ್ ಪರೀಕ್ಷೆಗೆ ಸ್ಲೈಡ್ ಆರಿಸುವಾಗ ಅವರ ಅಭಿಪ್ರಾಯ ಕೇಳುತ್ತಿದ್ದರು.

ಸ್ಪಾಟಿಂಗ್ ಎಂದ ಕೂಡಲೇ ನಮ್ಮ ಬ್ಯಾಚಿನ ತರಲೆ ನೆನಪಾಗುತ್ತದೆ. ನಾನೂ ಗೆಳತಿಯರೂ ಕಾಲೇಜು ತೋಟದ ಹೂವಿನಿಂದ ಪರಾಗ ಉದುರಿಸಿ, ಅಯೋಡಿನ್ ಹಾಕಿ ಒಂದು ಸ್ಲೈಡ್ ಮಾಡಿದೆವು. ಮೈಮೇಲೆ ಮುಳ್ಳು, ದಪ್ಪ ಗೋಡೆ, ದುಂಡನೆಯ ಆಕಾರ. ಯಾವುದೋ ಅಪರೂಪದ ಮೊಟ್ಟೆ ಎಂದು ನಂಬುವ ಹಾಗಿತ್ತು. "ಗುರುತು ಸಿಗದ ಸ್ಯಾಂಪಲ್" ಎಂದು ಚೀಟಿ ಅಂಟಿಸಿ ಮೇಷ್ಟ್ರ ಮೇಜಿನ ಮೇಲಿಟ್ಟೆವು. ಅವರು ಕೂತರು. ಫೈನ್ ಫೋಕಸ್ ತಿರುಗಿಸುತ್ತಾ ಬಹಳ ಹೊತ್ತು ನೋಡಿದರು. ನಾವು ಬಾಗಿಲ ಹಿಂದೆ ಉಸಿರು ಬಿಗಿಹಿಡಿದು ನಿಂತಿದ್ದೆವು. "ಗೋಡೆ ಚೆನ್ನಾಗಿದೆ. ಒಳಗೆ ಮಾತ್ರ ಭ್ರೂಣ ಇಲ್ಲ, ಲಾರ್ವಾ ಇಲ್ಲ. ಇದನ್ನ ಹೊತ್ತು ತಿರುಗೋ ಹೋಸ್ಟ್ ಯಾರು ಗೊತ್ತಾ? ಜೇನುಹುಳ. ಬಾಗಿಲ ಹಿಂದೆ ಇರೋರು ಒಳಗೆ ಬನ್ನಿ" ಎಂದರು. ನಮಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕುಬಿಟ್ಟರು.

ಮುಂದಿನ ಸ್ಪಾಟಿಂಗ್‌ನಲ್ಲಿ ಅವರ ಉತ್ತರ ಬಂತು. ಸಾಲಾಗಿ ಇಟ್ಟಿದ್ದ ಮೈಕ್ರೋಸ್ಕೋಪುಗಳಲ್ಲಿ ನಿಜವಾದ ಪರಾವಲಂಬಿ ಜೀವಿಗಳ ನಡುವೆ ಗಾಳಿಯ ಗುಳ್ಳೆ, ಎಣ್ಣೆಯ ಹನಿ, ಹತ್ತಿಯ ಎಳೆ, ಯೀಸ್ಟ್ ಎಲ್ಲ ಇದ್ದವು. ಒಂದರಲ್ಲಿ ಕೆಂಪು ಕಣದ ಮೇಲೆ ಕೂತ ಪ್ಲೇಟ್‌ಲೆಟ್, ಥೇಟ್ ಮಲೇರಿಯಾದ ಉಂಗುರ, ಅಂದರೆ ಆ ಜೀವಿಯ ಎಳೆಯ ರೂಪ. ಕ್ಲಾಸಿನ ಜಾಣರೆಲ್ಲ ಹತ್ತಿಯ ಎಳೆಗೂ ಹುಳುವಿನ ಹೆಸರು ಬರೆದರು. ಕೊನೆಯ ಮೈಕ್ರೋಸ್ಕೋಪಿನಲ್ಲಿ ನಮ್ಮದೇ ಪರಾಗದ ಸ್ಲೈಡ್! ಅದಕ್ಕಂತೂ ನನಗೆ ಪೂರ್ತಿ ಮಾರ್ಕ್ಸ್. ಪ್ಲೇಟ್‌ಲೆಟ್ ಕೂಡ ಸರಿಯಾಗಿ ಬರೆದೆ, ಅದನ್ನು ಬರೆದವಳು ನಾನೊಬ್ಬಳೇ. ಈಗ ಸುತ್ತಮುತ್ತಲ ಲ್ಯಾಬುಗಳಿಂದ ಅನುಮಾನದ ಸ್ಲೈಡುಗಳು ನನ್ನ ಹತ್ತಿರ ಬರುತ್ತವೆ. ಮಲೇರಿಯಾ ಎಂದು ಬಂದದ್ದು ಎಷ್ಟೋ ಸಲ ಬರೀ ಪ್ಲೇಟ್‌ಲೆಟ್ ಆಗಿರುತ್ತದೆ. ಆಗೆಲ್ಲ ಮೈಕ್ರೋಸ್ಕೋಪುಗಳ ಆ ಸಾಲು ಕಣ್ಮುಂದೆ ಬರುತ್ತದೆ.

ಸಂತಾಪ ಸಭೆಗೆಂದು ವಿಭಾಗಕ್ಕೆ ಹೋದಾಗ ಈಗಿನ ಹುಡುಗ ಹುಡುಗಿಯರ ಜೊತೆ ಮಾತಾಡಿದೆ. ಬಹಳ ಚುರುಕಾಗಿದ್ದಾರೆ. ಪಿ.ಸಿ.ಆರ್. ಬಗ್ಗೆ, ಜೀನುಗಳ ಬಗ್ಗೆ ನನಗಿಂತ ಜಾಸ್ತಿ ಗೊತ್ತು. ಆದರೆ ಸ್ಪಾಟಿಂಗ್ ಈಗ ಪರದೆಯ ಮೇಲೆ ಚಿತ್ರ ತೋರಿಸಿ ನಡೆಯುತ್ತದಂತೆ. ಚಿತ್ರವನ್ನು ಯಾರೋ ಆಗಲೇ ಫೋಕಸ್ ಮಾಡಿರುತ್ತಾರೆ. ಸ್ಲೈಡ್ ಸರಿಸುತ್ತಾ ನೂರು ಫೀಲ್ಡ್ ಹುಡುಕಿ ಒಂದೇ ಒಂದು ಉಂಗುರ ಸಿಕ್ಕಾಗಿನ ಖುಷಿ ಅದರಲ್ಲಿ ಎಲ್ಲಿ ಬರಬೇಕು? ಮಲೇರಿಯಾ ಪರೀಕ್ಷೆಗೆ ಕಿಟ್ ಇದೆಯಲ್ಲ ಮೇಡಂ ಎಂದರು ಒಬ್ಬರು. ಕಿಟ್ ಒಳ್ಳೆಯದೇ, ಹಳ್ಳಿಯಲ್ಲಿ ಜೀವ ಉಳಿಸುತ್ತದೆ. ಆದರೆ ಫ್ಯಾಲ್ಸಿಪಾರಮ್ ಎಂಬ ಬಗೆಯ ಮಲೇರಿಯಾ ಹುಡುಕುವ ಬಹಳಷ್ಟು ಕಿಟ್‌ಗಳು ರೋಗ ವಾಸಿಯಾದ ಮೇಲೂ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತವೆ. ರಕ್ತದಲ್ಲಿ ಎಷ್ಟು ಜೀವಿಗಳಿವೆ, ಔಷಧಿಗೆ ಕಮ್ಮಿಯಾಗುತ್ತಿವೆಯೋ ಇಲ್ಲವೋ ಎಂದು ಎಣಿಸಿ ಹೇಳುವುದು ಕಿಟ್ ಅಲ್ಲ, ಸ್ಮಿಯರ್. ಕಣ್ಣಿಗೂ ಮಿತಿ ಇದೆ, ಒಪ್ಪುತ್ತೇನೆ. ಕೋತಿಗಳಿಂದ ಬರುವ ನೋಲೆಸಿ ಮಲೇರಿಯಾವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಮಲೇರಿಯೇ ಎಂಬ ಇನ್ನೊಂದು ಜಾತಿ ಎಂದೇ ತಿಳಿದಿದ್ದರು. ಮಲೇಷ್ಯಾದಲ್ಲಿ ಪಿ.ಸಿ.ಆರ್. ಮಾಡಿ 2004ರಲ್ಲಿ ಪ್ರಕಟಿಸಿದ ಮೇಲೆ ಅದು ಎಷ್ಟು ಜನರಲ್ಲಿದೆ ಎಂದು ತಿಳಿಯಿತು. ಎರಡೂ ಬೇಕು. ಒಂದನ್ನು ಕಲಿಸಲು ಇನ್ನೊಂದನ್ನು ಬಿಡಬೇಕಾಗಿಲ್ಲ. ಪ್ರಾಕ್ಟಿಕಲ್ ಅವಧಿ ಕಡಿತ ಮಾಡಿದವರು ಇದನ್ನು ಯೋಚಿಸಲಿ ಎಂದು ನನ್ನ ಕೋರಿಕೆ.

2015ರ ಅಕ್ಟೋಬರಿನಲ್ಲಿ ಮೇಷ್ಟ್ರು ತಾವಾಗಿಯೇ ಫೋನ್ ಮಾಡಿದ್ದರು. ಹುಳುಗಳ ಔಷಧಿ ಐವರ್‌ಮೆಕ್ಟಿನ್‌ಗಾಗಿ ಕ್ಯಾಂಪ್‌ಬೆಲ್ ಮತ್ತು ಒಮುರಾ ಅವರಿಗೆ, ಮಲೇರಿಯಾ ಔಷಧಿ ಆರ್ಟಿಮಿಸಿನಿನ್‌ಗಾಗಿ ತು ಯೂಯೂ ಅವರಿಗೆ ನೊಬೆಲ್ ಬಂದಿತ್ತು. "ನಮ್ಮ ಹುಳಗಳಿಗೆ ನೊಬೆಲ್ ಬಂತು ಕಣಮ್ಮಾ! ಪೇಪರ್ ನೋಡಿದೆಯಾ?" ಆ ದನಿಯಲ್ಲಿ ವಯಸ್ಸೇ ಕಾಣುತ್ತಿರಲಿಲ್ಲ. ಆಮೇಲೆ ನನ್ನ ಲ್ಯಾಬಿನ ಕೆಲಸ ವಿಚಾರಿಸಿದರು. ದಿನಾ ಸ್ಲೈಡ್ ನೋಡುತ್ತೇನೆ ಸಾರ್ ಎಂದೆ. "ನನ್ನ ಸ್ಟೂಡೆಂಟ್ ಅಲ್ವಾ" ಎಂದರು. ದೊಡ್ಡ ದೊಡ್ಡ ಸನ್ಮಾನಗಳಲ್ಲಿ ನನಗೆ ಸಿಗದದ್ದು ಆ ಮಾತಿನಲ್ಲಿತ್ತು.

ಇನ್ನೊಂದು ಮಾತು. ವಿಭಾಗದ ಮೂಲೆಯ ಬೀರುವಿನಲ್ಲಿ ಮೇಷ್ಟ್ರೂ ಅಟೆಂಡರೂ ಕೂಡಿಸಿಟ್ಟ ಸ್ಲೈಡ್ ಪೆಟ್ಟಿಗೆಗಳು ಹಾಗೇ ಇವೆ. ರಾತ್ರಿ ಸರ್ವೆಯ ಸ್ಲೈಡುಗಳೂ ಅದರಲ್ಲಿವೆ. ಕೆಲವು ಲೇಬಲ್ಲುಗಳು ಆಗಲೇ ಉದುರಿವೆ. ಬಣ್ಣ ಮಾಸುವ ಮುಂಚೆ ಅವುಗಳನ್ನು ನೋಡಿ, ಪಟ್ಟಿ ಮಾಡಿ, ಫೋಟೋ ತೆಗೆದಿಡಬೇಕು. ಈ ಕೆಲಸಕ್ಕೆ ಪ್ರತಿ ಶನಿವಾರ ಬರಲು ನಾನು ತಯಾರಿದ್ದೇನೆ. ಜೊತೆಗೆ ಕೂರಲು ಈಗಿನ ಎಂ.ಎಸ್ಸಿ. ವಿದ್ಯಾರ್ಥಿಗಳು ಬೇಕು. ಪರೀಕ್ಷೆಗೆ ಬರಲಿ ಬಿಡಲಿ, ಸ್ಲೈಡ್ ನೋಡಲು ಆಸೆ ಇದ್ದರೆ ಸಾಕು. ಬೀರುವಿನ ಬೀಗದಕೈ ಯಾರ ಹತ್ತಿರ ಇದೆ ಎಂದು ವಿಭಾಗದವರು ತಿಳಿಸಿದರೆ ಮುಂದಿನ ಶನಿವಾರವೇ ಬರುತ್ತೇನೆ.