ಬೆಕ್ಕಿರುವ ಮನೆಗೆ ಎಂಥ ಗಿಡ?

ಬೆಕ್ಕು ಸಾಕಿದವರು ಮನೆಯೊಳಗೆ ಗಿಡ ಬೆಳೆಸಲು ಹೊರಟಾಗ ಅದನ್ನು ಎಲ್ಲಿಡುವುದು ಎಂದೇ ಮೊದಲು ಯೋಚಿಸುತ್ತಾರೆ. ಬೆಕ್ಕಿಗೆ ವಿಷವಾಗುವ ಗಿಡವನ್ನೂ ಎತ್ತರದ ಕಪಾಟಿನ ಮೇಲಿಟ್ಟರೆ ಅಥವಾ ಚಾವಣಿಯಿಂದ ತೂಗುಹಾಕಿದರೆ ಸಾಕು ಎಂಬ ಸಲಹೆಯನ್ನು ನಾನು ಹಲವರ ಬಾಯಲ್ಲಿ ಕೇಳಿದ್ದೇನೆ. ನನಗೆ ಅದರಲ್ಲಿ ನಂಬಿಕೆಯಿಲ್ಲ. ಕಪಾಟಿನ ತುತ್ತತುದಿಯೇ ಬೆಕ್ಕಿನ ಅಚ್ಚುಮೆಚ್ಚಿನ ಜಾಗ; ಇನ್ನು ಮೇಲಿಟ್ಟ ಗಿಡದ ಎಲೆ, ಹೂವು ಉದುರುವುದು ನೆಲಕ್ಕೇ ತಾನೆ? ಯಾವ ಗಿಡವನ್ನು ಮನೆಯೊಳಗೆ ತರಲೇಬಾರದು ಎಂಬುದನ್ನು ಮೊದಲು ತೀರ್ಮಾನಿಸಿಕೊಂಡರೆ ಉಳಿದದ್ದೆಲ್ಲ ಸುಲಭ.

ತರಬಾರದ ಗಿಡಗಳಲ್ಲಿ ಮೊದಲನೆಯದು ಲಿಲಿ. ಲಿಲಿಯಂ ಕುಲಕ್ಕೆ ಸೇರಿದ ಈಸ್ಟರ್ ಲಿಲಿ, ಟೈಗರ್ ಲಿಲಿ, ಏಷಿಯಾಟಿಕ್ ಲಿಲಿಗಳು ಹಾಗೂ ಹೆಮೆರೊಕ್ಯಾಲಿಸ್ ಕುಲದ ಡೇ ಲಿಲಿಗಳು ಬೆಕ್ಕಿನ ಮೂತ್ರಪಿಂಡವನ್ನೇ ಕೆಡಿಸಿಬಿಡುತ್ತವೆ. ಎಲೆ, ಕಾಂಡ, ಎಸಳುಗಳಷ್ಟೇ ಅಲ್ಲ, ಹೂದಾನಿಯಲ್ಲಿ ಉಳಿದ ನೀರು ಕೂಡ ಅಪಾಯಕಾರಿ. ಪರಾಗದ ವಿಷಯ ಇನ್ನೂ ಸೂಕ್ಷ್ಮವಾದದ್ದು. ಹೂವಿಗೆ ಮೈ ತಾಗಿಸಿಕೊಂಡು ಹಾದುಹೋದ ಬೆಕ್ಕಿನ ತುಪ್ಪಳಕ್ಕೆ ಕಿತ್ತಳೆ-ಕಂದು ಬಣ್ಣದ ಪುಡಿ ಅಂಟಿಕೊಳ್ಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅದು ಕುಳಿತು ಮೈ ನೆಕ್ಕಿಕೊಳ್ಳುವಾಗ ಆ ಪುಡಿ ನೇರವಾಗಿ ಹೊಟ್ಟೆ ಸೇರುತ್ತದೆ, ಅಂದರೆ ಗಿಡವನ್ನು ಕಚ್ಚದೆಯೇ ವಿಷವೇರಬಹುದು. ಮೊದಲ ಕೆಲವು ಗಂಟೆಗಳಲ್ಲಿ ವಾಂತಿ, ಮಂಕು ಕಾಣಿಸಿಕೊಂಡು, ನಡುವೆ ಚೇತರಿಸಿಕೊಂಡಂತೆ ತೋರಿ, ಒಂದರಿಂದ ಮೂರು ದಿನಗಳೊಳಗೆ ಮೂತ್ರಪಿಂಡ ಕೈಕೊಡುತ್ತದೆ. ಚಿಕಿತ್ಸೆ 18 ಗಂಟೆಗಳಿಗಿಂತ ತಡವಾದರೆ ಬದುಕುವ ಸಾಧ್ಯತೆ ಬಹಳ ಕುಗ್ಗುತ್ತದೆ. ಇದೇ ಲಿಲಿಯನ್ನು ತಿಂದ ನಾಯಿಗೆ ಸಾಮಾನ್ಯವಾಗಿ ಹೊಟ್ಟೆ ಕೆಡುತ್ತದೆ, ಅಷ್ಟೆ. ಹೀಗಾಗಿ ಉಡುಗೊರೆಯಾಗಿ ಬಂದ ಹೂಗುಚ್ಛದಲ್ಲಿ ಲಿಲಿ ಇದ್ದರೆ ದಾಕ್ಷಿಣ್ಯ ಬೇಡ, ಅದು ಬಾಗಿಲ ಹೊರಗೇ ಇರಲಿ.

ಸೇಗೊ ಪಾಮ್ ಎಂದು ಮಾರಾಟವಾಗುವ ಸೈಕಸ್ ಗಿಡವೂ ಅಷ್ಟೇ ಕೆಟ್ಟದ್ದು. ನೋಡಲು ತಾಳೆಯಂತಿದ್ದರೂ ಅದು ತಾಳೆಯ ಜಾತಿಯದಲ್ಲ. ಅದರಲ್ಲಿರುವ ಸೈಕಾಸಿನ್ ಎಂಬ ವಿಷ ಯಕೃತ್ತನ್ನು ಹಾಳುಮಾಡುತ್ತದೆ, ಬೀಜದಲ್ಲಿ ಅದರ ಪ್ರಮಾಣ ಎಲ್ಲಕ್ಕಿಂತ ಹೆಚ್ಚು. ತಾಳೆಯ ಚೆಲುವೇ ಬೇಕೆನ್ನುವವರು ಅರೆಕಾ ಪಾಮ್ ಅಥವಾ ಪಾರ್ಲರ್ ಪಾಮ್ ತರಬಹುದು. ಎರಡೂ ಬೆಕ್ಕಿಗೆ ನಿರಪಾಯ.

ಮನಿ ಪ್ಲಾಂಟ್, ಮಾನ್‌ಸ್ಟೆರಾ, ಫಿಲೊಡೆಂಡ್ರಾನ್, ಡೀಫನ್‌ಬೇಕಿಯಾ, ಆಂಥೂರಿಯಂಗಳದು ಬೇರೆಯೇ ಬಗೆ. ಇವುಗಳ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು, ಕಚ್ಚಿದೊಡನೆ ನಾಲಿಗೆಗೂ ವಸಡಿಗೂ ಚುಚ್ಚಿಕೊಳ್ಳುತ್ತವೆ. ಬೆಕ್ಕು ಜೊಲ್ಲು ಸುರಿಸುತ್ತ ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುತ್ತದೆ. ನೋವು ಜೋರಾಗಿದ್ದರೂ ಜೀವಕ್ಕೆ ಕುತ್ತು ಬರುವುದು ಅಪರೂಪ. ಪೀಸ್ ಲಿಲಿ ಕೂಡ ಈ ಗುಂಪಿನದೇ ಹೊರತು ಮೂತ್ರಪಿಂಡ ಕೆಡಿಸುವ ಲಿಲಿಯಲ್ಲ. ಸ್ನೇಕ್ ಪ್ಲಾಂಟ್, ಲೋಳೆಸರಗಳು ವಾಂತಿ ಭೇದಿ ತರಿಸುತ್ತವೆ. ಪುಟ್ಟ ಹೂಗಳ ಕಲಾಂಚೊ ಹೃದಯದ ಮೇಲೆ ಪರಿಣಾಮ ಬೀರಬಲ್ಲದು. ಎಲೆಯತ್ತ ತಿರುಗಿಯೂ ನೋಡದ ಮುದಿ ಬೆಕ್ಕಿರುವ ಮನೆಯಲ್ಲಿ ಮನಿ ಪ್ಲಾಂಟ್ ಕಂಡರೆ ನಾನು ಗಾಬರಿಪಡುವುದಿಲ್ಲ, ಆದರೆ ಸಿಕ್ಕಿದ್ದನ್ನೆಲ್ಲ ಜಗಿಯುವ ಮರಿಯಿದ್ದರೆ ಗಿಡವನ್ನು ಬೇರೆಯವರಿಗೆ ಕೊಟ್ಟುಬಿಡಿ ಎನ್ನುತ್ತೇನೆ.

ಹಾಗೆಂದು ಮನೆ ಬೋಳಾಗಬೇಕಿಲ್ಲ. ಕ್ಯಾಲಥಿಯಾ, ಮರಾಂಟಾ, ಪೆಪೆರೋಮಿಯಾ, ಬಾಸ್ಟನ್ ಫರ್ನ್, ಆಫ್ರಿಕನ್ ವಯಲೆಟ್, ಫೆಲೆನಾಪ್ಸಿಸ್ ಆರ್ಕಿಡ್ ಎಲ್ಲವೂ ನಿರಪಾಯದವು. ಬೆಳಕು ಕಡಿಮೆಯಿರುವ ಮೂಲೆಗೆ ಆಸ್ಪಿಡಿಸ್ಟ್ರಾ ಒಗ್ಗುತ್ತದೆ. ಲೋಳೆಸರದ ಆಕಾರ ಇಷ್ಟಪಡುವವರಿಗೆ ಹಾವರ್ಥಿಯಾ ಇದೆ. ನನ್ನ ಮೆಚ್ಚಿನದು ಸ್ಪೈಡರ್ ಪ್ಲಾಂಟ್, ಬೆಕ್ಕಿನ ಮೆಚ್ಚಿನದೂ ಅದೇ ಆಗಿರುವುದರಿಂದ ನಮ್ಮ ಮನೆಯಲ್ಲಿ ಅದರ ಎಲೆಯ ತುದಿಗಳೆಲ್ಲ ಸದಾ ಕತ್ತರಿಯಾಡಿಸಿದಂತೆ ಮೊಂಡಾಗಿ, ಕಂದುಗಟ್ಟಿರುತ್ತವೆ. ಹೆಚ್ಚು ತಿಂದರೆ ಅದೂ ವಾಂತಿಯಾದೀತು. ವಿಷವಲ್ಲ ಎಂದರೆ ಆಹಾರ ಎಂದರ್ಥವಲ್ಲ. ಪಕ್ಕದಲ್ಲೇ ಒಂದು ಕುಂಡದಲ್ಲಿ ಗೋಧಿ ಅಥವಾ ಓಟ್ಸ್ ಬಿತ್ತಿ ಹುಲ್ಲು ಬೆಳೆಸಿದರೆ ಅದರ ಗಮನ ಬಹುಮಟ್ಟಿಗೆ ಅತ್ತ ತಿರುಗುತ್ತದೆ.

ಗಿಡ ನಿರಪಾಯದ್ದಾದರೂ ಅದಕ್ಕೆ ಹಾಕಿದ್ದು ಹಾಗಿರಬೇಕೆಂದಿಲ್ಲ. ಪರ್ಮೆಥ್ರಿನ್ ಇರುವ ಕೀಟನಾಶಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಅರಗಿಸಲಾರದು. ರಸಗೊಬ್ಬರದ ನೀರು ನಿಂತ ತಟ್ಟೆಯೂ ಅದರ ಬಾಯಿಗೆ ಸಿಗಬಾರದು. ಕೊಂಡ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನು ಬರೆದು ಕುಂಡಕ್ಕೆ ಸಿಕ್ಕಿಸಿಡುವುದನ್ನು ನಾನು ರೂಢಿಸಿಕೊಂಡಿದ್ದೇನೆ. ಬೆಕ್ಕು ಏನನ್ನಾದರೂ ತಿಂದಿದೆ ಎಂಬ ಅನುಮಾನ ಬಂದರೆ ಮನೆಯಲ್ಲಿ ವಾಂತಿ ಮಾಡಿಸಲು ಹೋಗದೆ, ಆ ಚೀಟಿಯನ್ನೂ ಗಿಡದ ಒಂದು ತುಂಡನ್ನೂ ಹಿಡಿದು ಕೂಡಲೇ ಪಶುವೈದ್ಯರ ಬಳಿಗೆ ಹೋಗಬೇಕು. ಲಿಲಿಯಾಗಿದ್ದರೆ ರೋಗಲಕ್ಷಣಕ್ಕಾಗಿ ಕಾಯಲೇಬಾರದು.